ಪೇಷಂಟ್ ಮೂವ್ಡ್

ಫೆ. 3, ಸೋಮವಾರ

ಇವತ್ತು ಆರು ಹಾರ್ಟ್ ಸಿಟಿ ಸ್ಕ್ಯಾನ್. ಆರರಲ್ಲಿ ನಾಲ್ವರು ಚಹಾ ಕುಡಿದೇ ಬಂದಿದ್ದರು. ಹಿಂದಿನ ದಿನವೇ ಫೋನ್ ಮಾಡಿ ಹೇಳಿರುತ್ತೇವೆ — ಚಹಾ ಬೇಡ, ಕಾಫಿ ಬೇಡ, ಬೀಡಿ ಬೇಡ, ಎದೆಬಡಿತ ಇಳಿಯುವುದಿಲ್ಲ ಎಂದು. ಎಲ್ಲರೂ ಹೂಂ ಅನ್ನುತ್ತಾರೆ. ಬಂದು ಮಲಗಿದ ಮೇಲೆ ಮಾನಿಟರ್ ತೊಂಬತ್ತು ತೋರಿಸುತ್ತದೆ. ಗದರಿದರೆ, "ಅರ್ಧ ಲೋಟ ಅಷ್ಟೇ ಮೇಡಂ, ಅದ್ರಲ್ಲೂ ಹಾಲೇ ಜಾಸ್ತಿ."

ಬಡಿತ ಅರವತ್ತೈದರ ಕೆಳಗೆ ಬರಬೇಕು. ಇಲ್ಲದಿದ್ದರೆ ಚಿತ್ರ ಮಸುಕು. ಮಾತ್ರೆ ಕೊಟ್ಟು ಒಂದು ಗಂಟೆ ಕೂರಿಸಬೇಕು. ಆಮೇಲೆ ನಾಳಗಳು ಎದ್ದು ಕಾಣಲೆಂದು ಕೈಯ ನರಕ್ಕೆ ಡೈ ಬಿಟ್ಟು, ಹತ್ತು ಸೆಕೆಂಡು ಉಸಿರು ಹಿಡಿಸಿ, ಅಷ್ಟರೊಳಗೆ ಹೃದಯದ ರಕ್ತನಾಳಗಳ ಚಿತ್ರ ಹಿಡಿಯಬೇಕು. ಶಾವಿಗೆ ಎಳೆಯಷ್ಟು ತೆಳ್ಳಗಿನ ನಾಳಗಳು. ಹತ್ತು ವರ್ಷದಿಂದ ಇದೇ ಕೆಲಸ. ಚಿತ್ರ ತೆಗೆಯುವವಳು ನಾನು. ಓದಿ ರಿಪೋರ್ಟ್ ಬರೆಯುವವರು ಡಾ. ವಿಜಯೇಂದ್ರ, ದಾವಣಗೆರೆಯ ತಮ್ಮ ಮನೆಯಲ್ಲಿ ಕೂತು. ಪೇಷಂಟ್ ಮುಖವನ್ನು ಅವರು ನೋಡುವುದೇ ಇಲ್ಲ. ನಾನು ಕಳಿಸಿದ್ದೇ ಅವರಿಗೆ ಸತ್ಯ.

ಸಿಸ್ಟರ್ ಮೋನಿಕಾ ಇವತ್ತು ಮತ್ತೆ ರೇಗಿಸಿದಳು. ಮೆಷಿನ್ನಿನ ಇಂಗ್ಲಿಷ್ ದನಿ ತೆಗೆದು ನನ್ನ ದನಿಯಲ್ಲಿ "ಉಸಿರು ಎಳ್ಕೊಳಿ, ಹಿಡೀರಿ" ಎಂದು ರೆಕಾರ್ಡ್ ಮಾಡಿ ಹಾಕಿದ್ದೇವಲ್ಲ, "ನಿನ್ ದನಿ ಕೇಳಿದ್ರೆ ಉಸಿರು ತಾನಾಗೇ ನಿಂತೋಗುತ್ತೆ ಮಾರಾಯ್ತಿ, ಟೀಚರಮ್ಮ ಬೆತ್ತ ಹಿಡ್ಕೊಂಡಂಗೆ" ಅಂತ. ನಕ್ಕೆ. ಕಾಲು ನೋವು. ಮೊಸರನ್ನ ತಿಂದು ಮಲಗುವುದು.

ಫೆ. 5, ಬುಧ

ಭದ್ರಾವತಿಯಿಂದ ಅಕ್ಕನ ಫೋನ್. ಮಧ್ಯಾಹ್ನದ ಹೊತ್ತಿನಲ್ಲಿ ಅಕ್ಕ ಸುಮ್ಮನೆ ಫೋನ್ ಮಾಡುವವಳಲ್ಲ.

"ನಿಮ್ ಭಾವಂಗೆ ಮೆಟ್ಲು ಹತ್ತಿದ್ರೆ ಎದೆ ಮೇಲೆ ಕಲ್ಲಿಟ್ಟಂಗೆ ಆಗುತ್ತಂತೆ ಕಣೇ. ಕೇಳಿದ್ರೆ ಗ್ಯಾಸು ಅಂತಾರೆ. ಮಜ್ಜಿಗೆಗೆ ಇಂಗು ಹಾಕ್ಕೊಡು ಅಂತಾರೆ."

ಅಂತೂ ಅಕ್ಕ ಬಿಡದೆ ಇಲ್ಲೇ ಶಿವಮೊಗ್ಗದಲ್ಲಿ ಹೃದಯದ ಡಾಕ್ಟರ್ ಶಶಿಧರ್ ಹತ್ತಿರ ಕರೆದುಕೊಂಡು ಹೋಗಿದ್ದಾಳೆ. ಟ್ರೆಡ್‌ಮಿಲ್ ಬೆಲ್ಟ್ ಮೇಲೆ ನಡೆಸಿ ನೋಡಿದ್ದಾರೆ. ರಿಪೋರ್ಟ್ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆಂಜಿಯೋಗ್ರಾಂ ಮಾಡಿಸಿ, ಮಣಿಕಟ್ಟಿನಿಂದ ಸಣ್ಣ ನಳಿಕೆ ತೂರಿಸಿ ನೇರ ಹೃದಯದಲ್ಲೇ ನೋಡಿಬಿಡೋಣ ಅಂದಿದ್ದಾರೆ. ಭಾವ ಎದ್ದು ಬಂದುಬಿಟ್ಟರಂತೆ. ಅವರ ಗೆಳೆಯ ಹೂವಪ್ಪ ಹೋದ ವರ್ಷ ಆಂಜಿಯೋ ಆದ ಮೂರನೇ ದಿನ ತೀರಿಕೊಂಡರು. ಅವರು ಹೋದದ್ದು ಆಂಜಿಯೋದಿಂದಲ್ಲ, ಆಸ್ಪತ್ರೆಗೆ ತಡವಾಗಿ ಬಂದದ್ದರಿಂದ. ಅದನ್ನು ಭಾವನಿಗೆ ಯಾರು ಹೇಳಬೇಕು?

ಹೆದರಿಕೆ ಆಯಿತು. ದಿನಕ್ಕೆ ಐದಾರು ಹೃದಯ ನೋಡುವವಳಿಗೆ ಮನೆಯ ಒಂದು ಹೃದಯದ ಮಾತು ಬಂದರೆ ಕೈ ತಣ್ಣಗಾಗುತ್ತದೆ.

ಫೆ. 9, ಭಾನು

ಭದ್ರಾವತಿಗೆ ಹೋಗಿ ಬಂದೆ. ಭಾವ ಪೂಜೆಗೆ ಕೂತಿದ್ದರು. ಎಡ ಅಂಗೈಯಲ್ಲಿ ಇಷ್ಟಲಿಂಗ, ಕಣ್ಣು ಅರೆ ಮುಚ್ಚಿ. ಅವರು ಏಳುವ ತನಕ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿಲ್ಲ. ನಾನು ಒಂಬತ್ತನೇ ಕ್ಲಾಸಿನಲ್ಲಿ ಈ ಮನೆಗೆ ಬಂದಾಗಿನಿಂದ ಹಾಗೇ. ಅಪ್ಪ ಹೋದ ವರ್ಷ ಅದು. ಅಮ್ಮ ಅದಕ್ಕೂ ಮೊದಲೇ ಹೋಗಿದ್ದಳು. ಭಾವನಿಗೆ ಮಾಚೇನಹಳ್ಳಿಯಲ್ಲಿ ಆಗ ಒಂದೇ ಲೇತ್ ಮೆಷಿನ್ನಿನ ಸಣ್ಣ ವರ್ಕ್‌ಶಾಪ್. ಆದರೂ ನನ್ನನ್ನು ಡಿಪ್ಲೊಮಾ ಓದಿಸಿದರು. ನೆಂಟರು "ನಾದಿನಿಗೆ ಇಷ್ಟೆಲ್ಲಾ ಯಾಕೆ ಕೊಟ್ರಬಸಪ್ಪ, ಮದ್ವೆ ಮಾಡಿ ಕಳ್ಸು" ಅಂದಾಗ, "ನಮ್ಮನೆ ಹುಡುಗಿ ವಿಚಾರ ನಿಮ್ಗ್ಯಾಕೆ" ಅಂದ ಮನುಷ್ಯ. ನನಗೆ ಅವರು ಎಂದೂ ಏರುದನಿಯಲ್ಲಿ ಮಾತಾಡಿಲ್ಲ. ನಾನೂ ಅವರಿಗೆ ಎದುರು ಆಡಿಲ್ಲ.

ಊಟಕ್ಕೆ ಕೂತಾಗ ಹೇಳಿದೆ — ನಳಿಕೆ ಬೇಡ ಅಂದರೆ ಸಿಟಿಯಲ್ಲಿ ನೋಡಬಹುದು, ನಮ್ಮ ಸೆಂಟರಿನಲ್ಲೇ, ನಾನೇ ಮಾಡುತ್ತೇನೆ.

"ನೀನೇ ಮಾಡ್ತೀಯಾ?"

"ಹೂಂ ಭಾವ."

"ಹಂಗಾದ್ರೆ ಆಗ್ಲಿ. ನೀನು ನೋಡಿ ಏನು ಹೇಳ್ತೀಯೋ ಅದೇ ಲೆಕ್ಕ."

ಅಕ್ಕ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಂಡಳು. ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ಹಾಕಿದ್ದೇನೆ.

ಫೆ. 12, ಬುಧ

ಇದನ್ನು ಬರೆಯಬೇಕೋ ಬೇಡವೋ. ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ.

ಭಾವ ಚಹಾ ಕುಡಿಯದೆ ಬಂದಿದ್ದರು. ಹೇಳಿದ ಮಾತು ಕೇಳುವ ಪೇಷಂಟ್! ಆದರೂ ಬಡಿತ ಎಂಬತ್ತೆಂಟು. ಮಾತ್ರೆ ಕೊಟ್ಟೆ. ಗಂಟೆಯಾದರೂ ಎಪ್ಪತ್ತೊಂಬತ್ತು. ಡ್ಯೂಟಿ ಡಾಕ್ಟರರನ್ನು ಕೇಳಿ ಇನ್ನೊಂದು ಕೊಟ್ಟೆ. ಹೊರಗೆ ಅಕ್ಕ ಬೆಂಚಿನ ಮೇಲೆ ಕೂತು ತುಟಿ ಅಲ್ಲಾಡಿಸುತ್ತಿದ್ದಳು.

ಶರ್ಟು ತೆಗೆಸಿ ಗೌನ್ ಹಾಕಿಸುವಾಗ ಲಿಂಗದ ವಿಷಯ ಬಂತು. ಬರುತ್ತದೆ ಎಂದು ಗೊತ್ತಿತ್ತು. ಲಿಂಗ ಇಡುವ ಬೆಳ್ಳಿಯ ಕರಡಿಗೆ, ದಪ್ಪನೆಯದು, ಅವರ ಅಜ್ಜನ ಕಾಲದ್ದು. ಶಿವದಾರದಲ್ಲಿ ಎದೆಯ ನಟ್ಟನಡುವೆ. ಲೋಹ ಎದೆಯ ಮೇಲಿದ್ದರೆ ಚಿತ್ರದಲ್ಲಿ ಗೆರೆ ಬೀಳುತ್ತದೆ. ಮೈ ಮೇಲಿಂದ ತೆಗೆಯಿರಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮವರು ಬಂದಾಗ ನಾನು ಮಾಡುವ ಉಪಾಯ ಒಂದಿದೆ. ಸ್ಕ್ಯಾನಿಗೆ ಕೈಗಳನ್ನು ಹೇಗೂ ತಲೆಯ ಮೇಲೆ ಚಾಚಬೇಕು. ಕರಡಿಗೆಯನ್ನು ಎಡ ಅಂಗೈಯಲ್ಲಿ ಹಿಡಿದುಕೊಳ್ಳಿ ಅನ್ನುತ್ತೇನೆ. ಲಿಂಗ ಮೈ ಬಿಟ್ಟ ಹಾಗೂ ಆಗಲಿಲ್ಲ, ಎದೆಯ ಮೇಲೂ ಇಲ್ಲ. ಎಷ್ಟೋ ಜನರಿಗೆ ಹಾಗೆ ಮಾಡಿದ್ದೇನೆ. ಭಾವನೂ "ಆಯ್ತು" ಅಂದು ಅಂಗೈಯಲ್ಲಿ ಹಿಡಿದರು. ಕೈ ನಡುಗುತ್ತಿತ್ತು. ಆ ರೂಮಿನ ಎಸಿ ಬೇರೆ.

ನಾನು ಗಾಜಿನ ಈಚೆ ಬಂದು ಸ್ಕೌಟ್ ತೆಗೆದೆ. ಸ್ಕೌಟ್ ಅಂದರೆ ಅಳತೆಗೆ ಅಂತ ಮೊದಲು ತೆಗೆಯುವ ಒಂದು ನೆರಳಿನ ಚಿತ್ರ. ಎದೆಯ ಮೇಲೆ ದುಂಡನೆ ಬಿಳಿ ಗುರುತು. ನಾನು ಈಚೆ ಬರುವಷ್ಟರಲ್ಲಿ ಭಾವ ಕರಡಿಗೆಯನ್ನು ಮತ್ತೆ ಗೌನಿನ ಒಳಗೆ ಎದೆಗೆ ಇಳಿಸಿಕೊಂಡಿದ್ದರು.

ನೋಡಿದೆ. ಚೆನ್ನಾಗಿಯೇ ನೋಡಿದೆ.

ಮಾನಿಟರಿನಲ್ಲಿ ಬಡಿತ ಆಗಷ್ಟೇ ಅರವತ್ತೆರಡಕ್ಕೆ ಇಳಿದಿತ್ತು. ಎರಡು ಗಂಟೆ ಕಾದು ಸಿಕ್ಕ ಅರವತ್ತೆರಡು. ಒಳಗೆ ಹೋಗಿ "ಭಾವ, ಹೇಳಿದ್ನಲ್ಲ" ಅಂದರೆ ಮುಜುಗರಪಟ್ಟು ಮತ್ತೆ ಎಂಬತ್ತಕ್ಕೆ ಏರುತ್ತದೆ. ಇನ್ನೂ ಒಂದು ಕಾರಣ ಇದೆ, ಅದೇ ನಿಜವಾದದ್ದು. ಅವರಿಗೆ ಒಂದು ಮಾತನ್ನು ಎರಡು ಸಲ ಹೇಳಿ ನನಗೆ ಅಭ್ಯಾಸ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಮೈಕಿನಲ್ಲೇ ಗದರಿಬಿಡುತ್ತಿದ್ದೆ. ಗುಂಡಿ ಒತ್ತಿದೆ.

ಭಾವ ಕಲ್ಲಿನ ಹಾಗೆ ಮಲಗಿದ್ದರು. ಒಂದು ಕೂದಲೆಳೆ ಅಲುಗಲಿಲ್ಲ.

ಚಿತ್ರ ಬಂತು. ಬಲಗಡೆಯ ನಾಳ, ಹಿಂದಿನದು, ಎರಡೂ ಪರವಾಗಿಲ್ಲ ಅನ್ನಿಸಿತು. ಮುಂದಿನ ದೊಡ್ಡ ನಾಳದ ನಡುವೆ ಮಾತ್ರ ಗೆರೆಗಳು. ಒಂದೂವರೆ ಸೆಂಟಿಮೀಟರ್ ಜಾಗ. ಅಲ್ಲಿ ಏನಿದೆಯೋ ಗೊತ್ತಾಗುವುದಿಲ್ಲ. ಮತ್ತೆ ತೆಗೆಯಬೇಕಾದರೆ ಮತ್ತೆ ಡೈ. ಅವರಿಗೆ ಸಕ್ಕರೆ ಕಾಯಿಲೆ, ಕಿಡ್ನಿ ಸ್ವಲ್ಪ ಹಿಂದುಮುಂದು; ಡೈ ಕಿಡ್ನಿಗೆ ಭಾರ. ಯಾಕೆ ಎರಡನೇ ಸಲ ಅಂತ ಕಾರಣವನ್ನೂ ಬರೆಯಬೇಕು.

ನೋಟ್ಸಿನಲ್ಲಿ ಎರಡೇ ಪದ ಟೈಪ್ ಮಾಡಿದೆ. ಪೇಷಂಟ್ ಮೂವ್ಡ್. ಹೃದಯದ ಭಾಗವನ್ನಷ್ಟೇ ಕತ್ತರಿಸಿ ದಾವಣಗೆರೆಗೆ ಕಳಿಸಿದೆ. ಸ್ಕೌಟ್ ಕಳಿಸಲಿಲ್ಲ.

ಫೆ. 13, ಗುರು

ರಿಪೋರ್ಟ್ ಬಂತು. ಒಳಗೆ ಎಲ್ಲೋ ಒಂದು ಸಾಲು: ಮುಂದಿನ ನಾಳದ ಮಧ್ಯಭಾಗ, ಪೇಷಂಟ್ ಅಲುಗಾಡಿದ್ದರಿಂದ ಸರಿಯಾಗಿ ನೋಡಲಾಗಿಲ್ಲ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ: ನೋಡಲು ಸಾಧ್ಯವಾದ ಭಾಗಗಳಲ್ಲಿ ಹೇಳಿಕೊಳ್ಳುವಂಥ ಬ್ಲಾಕ್ ಇಲ್ಲ.

ದಪ್ಪ ಅಕ್ಷರವನ್ನೇ ಎಲ್ಲರೂ ಓದುವುದು. ಅಕ್ಕ ಫೋನಿನಲ್ಲಿ, "ಎಲ್ಲಾ ಸರಿ ಇದ್ಯೇನೇ? ನಾರ್ಮಲ್ಲಾ?"

"ನಾರ್ಮಲ್ ಅಕ್ಕ."

ಅವಳು ಅತ್ತಳು. ನಾನು ನಾಲಿಗೆ ಕಚ್ಚಿಕೊಂಡೆ. ಒಂದು ವಾರ ಬಿಟ್ಟು ನಿಧಾನವಾಗಿ ಹೇಳಿ, ಶಶಿಧರ್ ಹತ್ತಿರ ಮತ್ತೆ ಕಳಿಸಿದರಾಯಿತು.

ಫೆ. 16, ಭಾನು

ಭದ್ರಾವತಿಯಲ್ಲಿ ಹೋಳಿಗೆ. ಭಾವನೇ ಮಾಡಿಸಿದ್ದು. ಹೇಳಬೇಕು ಅಂತಲೇ ಹೋಗಿದ್ದೆ.

ಪಕ್ಕದ ಮನೆಯ ಜಗದಾಂಬಾ ಬಂದು ಕೂತಿದ್ದರು. ಭಾವ ಅವರಿಗೆ ವಿವರಿಸುತ್ತಿದ್ದರು. "ದೊಡ್ಡ ಉಂಗುರದ ಥರ ಮೆಷಿನ್ನು. ಒಳಗೆ ಹೋದ್ರೆ ಎದೆ ಝಲ್ ಅನ್ನುತ್ತೆ. ನಾನು ಲಿಂಗಾನ ಎದೆ ಮೇಲೆ ಇಟ್ಕೊಂಡು ಮಲ್ಕೊಂಬಿಟ್ಟೆ. ಅದು ಮೈ ಮೇಲೆ ಇತ್ತಲ್ಲ, ಅದಕ್ಕೇ ಎಲ್ಲಾ ಸರಿ ಬಂತು."

ನನ್ನ ಕಡೆ ತಿರುಗಿ ನಕ್ಕರು. "ನಮ್ ತನು ಕೈಯಲ್ಲಿ ಹಿಡ್ಕೊಳಿ ಅಂದಿದ್ಲು. ಗುಟ್ಟಾಗಿ ಎದೆಗೆ ಇಳಿಸ್ಕೊಂಡೆ. ಅವಳಿಗೆ ಗೊತ್ತೇ ಆಗ್ಲಿಲ್ಲ."

ತಟ್ಟೆಯಲ್ಲಿ ಹೋಳಿಗೆ, ಬಾಯಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು. ಗೊತ್ತಾಗಲಿಲ್ಲ ಎಂಬ ಹಾಗೆ ನಾನೂ ನಕ್ಕೆ. ಬಸ್ಸಿನಲ್ಲಿ ಬರುವಾಗ ಮಾಚೇನಹಳ್ಳಿ ದಾಟುವ ತನಕ ಅಳು ತಡೆದುಕೊಂಡಿದ್ದೆ.

ಫೆ. 27, ಗುರು

ನಿನ್ನೆ ಶಿವರಾತ್ರಿ. ಭಾವ ಒಂದು ಹನಿ ನೀರೂ ಕುಡಿಯದೆ ಉಪವಾಸ ಮಾಡಿದರಂತೆ. ಇವತ್ತು ಮಧ್ಯಾಹ್ನ ನಾನೇ ಫೋನ್ ಮಾಡಿದೆ.

"ಭಾವ, ಎದೆ ಭಾರ ಹೆಂಗಿದೆ?"

"ಆಗಾಗ ಬರುತ್ತೆ. ಹೋಗುತ್ತೆ. ಗ್ಯಾಸು."

"ಒಂದ್ಸಲ ಶಶಿಧರ್ ಹತ್ರ ಹೋಗಿ ಬನ್ನಿ."

"ಏ ತನು, ನೀನೇ ನಾರ್ಮಲ್ ಅಂದ್ಯಲ್ಲ ಮಾರಾಯ್ತಿ. ಶಶಿಧರ್ ಬರ್ಕೊಟ್ಟ ಮಾತ್ರೆನೂ ಬಿಟ್ಟಿದೀನಿ. ನಾರ್ಮಲ್ ಇರೋನಿಗೆ ಮಾತ್ರೆ ಯಾಕೆ?"

ಮಾತ್ರೆ ಬಿಡಬೇಡಿ ಅಂದೆ. ಹೂಂ ಅಂದರು. ಚಹಾ ಬಿಡಿ ಅಂದಾಗ ಜನ ಅನ್ನುತ್ತಾರಲ್ಲ, ಆ ಹೂಂ. ಆಗಲೇ ಹೇಳಬೇಕಿತ್ತು. ಮೋನಿಕಾ ಮುಂದಿನ ಪೇಷಂಟನ್ನು ಕರೆತಂದಳು. ಅದೊಂದು ನೆಪ. ಫೋನ್ ಇಟ್ಟೆ.

ಸಂಜೆ ಎಲ್ಲರೂ ಹೋದ ಮೇಲೆ ಅವರ ಚಿತ್ರ ತೆಗೆದು ಮತ್ತೆ ನೋಡಿದೆ. ಹದಿನಾಲ್ಕನೇ ಸಲ ಇರಬಹುದು. ಗೆರೆಗಳ ಮರೆಯಲ್ಲಿ ನಾಳ ಸಣ್ಣಗಾಗಿದೆಯೋ, ನನ್ನ ಹೆದರಿಕೆ ಹಾಗೆ ಕಾಣಿಸುತ್ತಿದೆಯೋ ಗೊತ್ತಾಗಲಿಲ್ಲ.

ಈ ಭಾನುವಾರ ಹೋಗಿ ಹೇಳಿಬಿಡುತ್ತೇನೆ.

ಮಾ. 14, ಶುಕ್ರ

ಹೋಗಲಿಲ್ಲ. ಆ ಭಾನುವಾರ ತಲೆನೋವು ಅಂದುಕೊಂಡೆ. ಮುಂದಿನ ಭಾನುವಾರ ಬಟ್ಟೆ ಒಗೆದೆ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಭಾವ ವರ್ಕ್‌ಶಾಪಿನಲ್ಲಿ ಬಿದ್ದರು.

ಬರೆಯಲು ಆಗುತ್ತಿಲ್ಲ. ಬದುಕಿದ್ದಾರೆ.

ಮಾ. 15, ಶನಿ

ಇವತ್ತು ಪೂರ್ತಿ ಬರೆಯಬೇಕು.

ಎದೆ ಹಿಡಿದುಕೊಂಡದ್ದು ಎಂಟು ಗಂಟೆಗೇ. ಲೇತ್ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದಾರೆ. ಕೆಲಸದ ಕರಿಯಪ್ಪ ಆಸ್ಪತ್ರೆಗೆ ಹೋಗೋಣ ಎಂದು ಎರಡು ಸಲ ಅಂದನಂತೆ. "ಹೋದ ತಿಂಗ್ಳು ಪೂರ್ತಿ ನೋಡಿದಾರೆ ಕಣೋ, ನಾರ್ಮಲ್ ಇದೆ, ನಮ್ ಹುಡುಗಿನೇ ನೋಡಿದಾಳೆ" ಅಂದರಂತೆ. ಮೂರು ಗಂಟೆ ಹೊತ್ತು. ಆ ಮೂರು ಗಂಟೆ ಕೂರಿಸಿದ್ದು ನನ್ನ ಮಾತು.

ಶಿವಮೊಗ್ಗಕ್ಕೆ ತಂದಾಗ ಶಶಿಧರ್ ಸಿದ್ಧರಿದ್ದರು. ನಾನು ಓಡಿ ಹೋದೆ. ನನ್ನ ಕೆಲಸ ಗೊತ್ತಿರುವುದರಿಂದ ಆಂಜಿಯೋ ಮಾಡುವ ಕ್ಯಾತ್‌ಲ್ಯಾಬಿನ ಗಾಜಿನ ಈಚೆ ನಿಲ್ಲಲು ಬಿಟ್ಟರು. ಭಾವನ ಬಲ ಮಣಿಕಟ್ಟಿನಿಂದ ನಳಿಕೆ ಹೋಯಿತು. ಪರದೆಯ ಮೇಲೆ ಡೈ ಕಪ್ಪಗೆ ಹರಡಿತು. ಹಿಂದಿನ ನಾಳ ತುಂಬಿತು. ಮುಂದಿನ ದೊಡ್ಡ ನಾಳದಲ್ಲಿ ಅರ್ಧ ದೂರ ಹೋಗಿ ನಿಂತುಬಿಟ್ಟಿತು. ಆಚೆ ಏನೂ ಇಲ್ಲ, ಬರೀ ಬಿಳುಪು.

ನಿಂತ ಜಾಗ ನನಗೆ ಗೊತ್ತಿತ್ತು. ಅದೇ ಒಂದೂವರೆ ಸೆಂಟಿಮೀಟರ್.

ತಂತಿ ದಾಟಿಸಿ, ಬಲೂನು ಊದಿ, ಸ್ಟೆಂಟ್ ಹಾಕಿದರು. ರಕ್ತ ಹರಿಯಿತು. ಆದರೆ ಅಷ್ಟರಲ್ಲಿ ಹೃದಯದ ಮುಂದಿನ ಗೋಡೆ ಸೋತುಹೋಗಿತ್ತು. ಪಂಪಿಂಗ್ ಮೂವತ್ತು ಪರ್ಸೆಂಟ್, ಅರವತ್ತು ಇರಬೇಕಾದದ್ದು. ಬಲಗಡೆಯ ನಾಳದಲ್ಲೂ ಅರ್ಧಕ್ಕಿಂತ ಜಾಸ್ತಿ ಕಟ್ಟಿದೆ, ಒಂದು ತಿಂಗಳು ಬಿಟ್ಟು ಅದನ್ನು ಮಾಡೋಣ ಅಂದರು. ಅದನ್ನು ನಾನೂ ಪರವಾಗಿಲ್ಲ ಅಂದುಕೊಂಡಿದ್ದೆ, ಡಾ. ವಿಜಯೇಂದ್ರ ಅವರ ಕಣ್ಣಿಗೂ ಅದು ತಪ್ಪಿತ್ತು.

ಹೊರಗೆ ಅಕ್ಕ ಕರಡಿಗೆಯನ್ನು ಸೆರಗಿನಲ್ಲಿ ಮುಚ್ಚಿ ಹಿಡಿದುಕೊಂಡಿದ್ದಳು. ಎಮರ್ಜೆನ್ಸಿಯಲ್ಲಿ ಯಾರೋ ಸಿಸ್ಟರ್ ಒಂದು ಮಾತನ್ನೂ ಕೇಳದೆ ತೆಗೆದು ಅವಳ ಕೈಗೆ ಕೊಟ್ಟಿದ್ದರು. ಎಷ್ಟು ಸುಲಭವಾಗಿ ತೆಗೆದುಬಿಟ್ಟರು.

ಮಾ. 18, ಮಂಗಳ

ವಾರ್ಡಿಗೆ ತಂದಿದ್ದಾರೆ. ಮುಖ ಅರ್ಧ ಆಗಿದೆ. ದಿಂಬಿಗೆ ಒರಗಿ ನಾಲ್ಕು ಮಾತಾಡಿದರೆ ಏದುಸಿರು.

ಶಶಿಧರ್ ರೌಂಡ್ಸಿಗೆ ಬಂದರು, ಹಳೆಯ ಸಿಟಿ ರಿಪೋರ್ಟ್ ಕೈಯಲ್ಲಿತ್ತು. ಪೂರ್ತಿ ಓದಿದವರು ಅವರೊಬ್ಬರೇ. "ಬ್ಲಾಕ್ ಇರೋ ಜಾಗದಲ್ಲೇ ಪಿಕ್ಚರ್ ಸರಿ ಬಂದಿಲ್ಲ ನೋಡಿ ಯಜಮಾನ್ರೇ. ಸ್ಕ್ಯಾನ್ ಟೈಮಲ್ಲಿ ನೀವು ಅಲ್ಲಾಡಿದ್ದೀರಿ ಅಂತ ಬರ್ದಿದಾರೆ. ಇರ್ಲಿ, ಆಗುತ್ತೆ." ಹೋದರು.

ಅಕ್ಕನಿಗೆ ತಡೆಯಲಿಲ್ಲ. "ಹತ್ತು ಸೆಕೆಂಡು ಅಲ್ಲಾಡ್ದೆ ಇರೋಕಾಗ್ಲಿಲ್ವೇನ್ರೀ ನಿಮ್ಗೆ? ಹತ್ತೇ ಸೆಕೆಂಡು!"

ಭಾವ ನನ್ನನ್ನು ನೋಡಿ, "ನಾನು ಅಲ್ಲಾಡ್ದೆ ಇದ್ದಂಗೇ ನೆನಪು. ಆದ್ರೆ ಹೆದರಿಕೆ ಇತ್ತಲ್ಲ, ಗೊತ್ತಾಗ್ದೇನೆ ಅಲ್ಲಾಡಿರ್ತೀನಿ. ತಪ್ಪಾಯ್ತು ಕಣಮ್ಮ ತನು. ಅಷ್ಟು ಮುತುವರ್ಜಿಯಿಂದ ನೀನು ಮಾಡ್ದೆ. ನಿನ್ ಕೆಲಸಕ್ಕೆ ಕೆಟ್ಟ ಹೆಸರು ತಂದೆ."

ತಪ್ಪಾಯ್ತು ಅಂದರು. ಅವರು. ನನಗೆ.

ನಾನು ಟೇಬಲ್ ಮೇಲಿನ ಮೋಸಂಬಿ ಸುಲಿಯತೊಡಗಿದೆ. ಸುಲಿದು ಒಂದೊಂದೇ ತೊಳೆ ಅವರ ಕೈಗೆ ಕೊಟ್ಟೆ. ಇಷ್ಟು ನೀಚಳು ನಾನು ಎಂದು ನನಗೆ ಗೊತ್ತಿರಲಿಲ್ಲ.

ಮಾ. 20, ಗುರು

ಅಕ್ಕನಿಗೆ ಹೇಳಿದೆ. ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಚಹಾ ಮುಂದಿಟ್ಟುಕೊಂಡು. ಕರಡಿಗೆ, ಸ್ಕೌಟ್, ನಾನು ಟೈಪ್ ಮಾಡಿದ ಎರಡು ಪದ, ಎಲ್ಲ.

ಮೊದಲು ಅರ್ಥವಾಗಲಿಲ್ಲ ಅವಳಿಗೆ. ಎರಡನೇ ಸಲ ಹೇಳಿದೆ. ಲೋಟ ಕೆಳಗಿಟ್ಟಳು.

"ನೀನು ನೋಡಿದ್ದೆ."

"ಹೂಂ."

"ನೋಡಿ ಸುಮ್ನಿದ್ದೆ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಸಣ್ಣ ದನಿಯಲ್ಲಿ, "ಅವ್ರಿಗೆ ಹೇಳ್ಬೇಡ. ಲಿಂಗದಿಂದ ಹಿಂಗಾಯ್ತು ಅಂತ ಗೊತ್ತಾದ್ರೆ ಅವ್ರು ಉಳಿಯಲ್ಲ. ಈಗಿರೋದು ಅದೊಂದೇ ಧೈರ್ಯ."

"ಲಿಂಗದಿಂದ ಅಲ್ಲ ಅಕ್ಕ. ನನ್ನಿಂದ."

"ಅದನ್ನ ಅವ್ರಿಗೆ ಬಿಡಿಸಿ ಹೇಳೋಕಾಗುತ್ತಾ ನಿಂಗೆ? ಬಾಯಿ ಮುಚ್ಕೊಂಡಿರು. ಅವ್ರು ತಾವೇ ಅಲ್ಲಾಡಿದ್ದು ಅಂದ್ಕೊಂಡಿದಾರೆ. ಅಂದ್ಕೊಂಡಿರ್ಲಿ."

ಉಳಿದ ಚಹಾ ಕುಡಿದು ಎದ್ದು ಹೋದಳು. ನನ್ನನ್ನು ಕರೆಯಲಿಲ್ಲ.

ಅಕ್ಕನ ಅಪ್ಪಣೆ ಆಯಿತಲ್ಲ ಎಂದು ಒಳಗೊಳಗೆ ಹಗುರವೂ ಆಯಿತು. ಅದನ್ನೂ ಬರೆದಿಡಬೇಕು. ಹಗುರವಾಯಿತು.

ಮಾ. 30, ಭಾನು. ಯುಗಾದಿ

ಭಾವ ಮನೆಗೆ ಬಂದು ನಾಲ್ಕು ದಿನ. ಬೇವುಬೆಲ್ಲ ತಿಂದು ಬಂದೆ. ಅಕ್ಕ ನನ್ನೊಡನೆ ಬೇಕಾದಷ್ಟೇ ಮಾತು. ಉಪ್ಪು ಕೊಡು, ನೀರು ಕೊಡು.

ನೋಡಲು ಬಂದವರಿಗೆಲ್ಲ ಭಾವ ಅದೇ ಕಥೆ. "ಸ್ಕ್ಯಾನ್ ಮಾಡುವಾಗ ನಾನೇ ಅಲ್ಲಾಡಿಬಿಟ್ಟೆ. ಇಲ್ಲಾಂದ್ರೆ ಆವಾಗ್ಲೇ ಗೊತ್ತಾಗ್ತಿತ್ತು." ನಗುತ್ತಾ ಹೇಳುತ್ತಾರೆ. ಬಂದವರು ತಲೆಗೊಂದು ಬುದ್ಧಿ ಹೇಳಿ ಹೋಗುತ್ತಾರೆ. ಜಗದಾಂಬಾ ಅಂತೂ, "ಚಿಕ್ ಮಕ್ಳೂ ಸುಮ್ನೆ ಮಲ್ಕೋತಾವಪ್ಪ" ಅಂದರು. ಮೂವತ್ತು ವರ್ಷ ಲೇತ್ ಮುಂದೆ ನಿಂತು, ಕೂದಲಿನಷ್ಟು ಅಳತೆ ತಪ್ಪಿದರೆ ಕೆಲಸ ಬಿಸಾಕಿ ಮೊದಲಿಂದ ಮಾಡುತ್ತಿದ್ದ ಮನುಷ್ಯ. ಈಗ ನೀರಿನ ಲೋಟ ಹಿಡಿಯುವಾಗಲೂ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಾರೆ.

ಕರಿಯಪ್ಪ ವರ್ಕ್‌ಶಾಪಿನ ಬೀಗದ ಕೈ ತಂದುಕೊಟ್ಟು ಹೋದ.

ಏ. 6, ಭಾನು. ಸಂಜೆ

ಬೆಳಿಗ್ಗೆ ಹೋದಾಗ ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕೋಣೆಯಲ್ಲಿ ಭಾವ ಮಂಚದ ಮೇಲೆ ಅಂಗಾತ ಮಲಗಿದ್ದರು. ಕೈ ಎರಡೂ ತಲೆಯ ಮೇಲೆ. ಕಣ್ಣು ಗೋಡೆ ಗಡಿಯಾರದ ಮೇಲೆ. ಕೆನ್ನೆ ಊದಿತ್ತು. ನಾನು ಮಂಚದ ಹತ್ತಿರ ಓಡುವಷ್ಟರಲ್ಲಿ ಉಸಿರು ಬಿಟ್ಟು ಕೆಮ್ಮಿದರು.

"ಏನ್ ಮಾಡ್ತಿದೀರಿ ಭಾವ?"

"ಪ್ರಾಕ್ಟೀಸು. ಬುಧವಾರ ಎರಡನೇದು ಇದ್ಯಲ್ಲ. ಈ ಸಲ ಅಲ್ಲಾಡಲ್ಲ. ಮೊದ್ಲು ನಾಲ್ಕೇ ಸೆಕೆಂಡು ಆಗ್ತಿತ್ತು, ಈಗ ಏಳಕ್ಕೆ ಬಂದಿದೀನಿ."

ನಳಿಕೆಯ ಆಂಜಿಯೋದಲ್ಲಿ ಅಷ್ಟು ಉಸಿರು ಹಿಡಿಯಬೇಕಿಲ್ಲ, ಕೈ ಎತ್ತಬೇಕಿಲ್ಲ ಅಂದೆ. ಕೇಳಲಿಲ್ಲ. ದಿನಕ್ಕೆ ಮೂರು ಸಲ ಮಾಡುತ್ತಾರಂತೆ. ಮೂವತ್ತು ಪರ್ಸೆಂಟ್ ಹೃದಯ ಇಟ್ಟುಕೊಂಡು.

"ಬಾ, ನೀನು ಎಣ್ಸು. ಗಡಿಯಾರ ನೋಡೋದು ಕಷ್ಟ ಆಗುತ್ತೆ. ಅಲ್ಲಾಡಿದ್ರೆ ಹೇಳು, ದಾಕ್ಷಿಣ್ಯ ಮಾಡ್ಕೋಬೇಡ."

ಕೈ ಎತ್ತಿ ಮಲಗಿದರು. ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು. ತೋಳುಗಳು ಕಡ್ಡಿಯಾಗಿದ್ದವು. ನಾನು ಎಣಿಸಿದೆ. ಒಂದು. ಎರಡು. ಮೂರು. ಕತ್ತಿನ ನರ ಉಬ್ಬಿತು. ನಾಲ್ಕು. ಅವರ ತುಟಿ ಬಣ್ಣ ತಿರುಗಿತು. ಐದು —

"ಭಾವ, ನೀವು ಅವತ್ತೂ ಅಲ್ಲಾಡಿರ್ಲಿಲ್ಲ."

ಕಣ್ಣು ತೆರೆದರು. ಉಸಿರು ಬಿಟ್ಟರು. ಕೈ ಇಳಿಸಲಿಲ್ಲ.

ಹೇಳಿದೆ. ನಿಂತೇ ಹೇಳಿದೆ, ಕೂತರೆ ಆಗುತ್ತಿರಲಿಲ್ಲ. ಎದೆಯ ಮೇಲಿನ ಕರಡಿಗೆ ನನಗೆ ಮೊದಲೇ ಕಂಡಿದ್ದು. ಬಡಿತ ಏರುತ್ತದೆ ಎಂದು ಬಿಟ್ಟಿದ್ದು. ನಿಮಗೆ ಎರಡನೇ ಸಲ ಹೇಳಲು ಸಂಕೋಚಪಟ್ಟಿದ್ದು. ಅಲುಗಾಡಿದ್ದಾರೆ ಎಂದು ಸುಳ್ಳು ಬರೆದಿದ್ದು. ನಾರ್ಮಲ್ ಅಂದಿದ್ದು. ಲಿಂಗದ ತಪ್ಪಲ್ಲ ಭಾವ, ನಿಮ್ಮ ತಪ್ಪಲ್ಲ, ನಂದು.

ಹಿತ್ತಲ ಬಾಗಿಲಲ್ಲಿ ಅಕ್ಕ ಒದ್ದೆ ಟವೆಲ್ ಹಿಡಿದುಕೊಂಡು ನಿಂತಿದ್ದಳು. ಯಾವಾಗ ಬಂದಳೋ.

ಭಾವ ನಿಧಾನವಾಗಿ ಎದ್ದು ಕೂತರು. ಕೈ ಎದೆಯ ಕರಡಿಗೆಯ ಮೇಲೆ ಹೋಯಿತು. ಅಕ್ಕ ಹೆದರಿದಂಥದ್ದೇನೂ ಆಗಲಿಲ್ಲ. ಲಿಂಗದ ಮಾತನ್ನೇ ಅವರು ಎತ್ತಲಿಲ್ಲ.

"ನಿಂಗೆ ಕಂಡಿತ್ತು."

"ಕಂಡಿತ್ತು ಭಾವ."

"ಕೈ ನಡುಗ್ತಿತ್ತು ಕಣಮ್ಮ. ಎಲ್ಲಿ ಕೆಳಗೆ ಬೀಳಿಸ್ಬಿಡ್ತೀನೋ ಅಂತ ಎದೆಗೆ ಇಳಿಸ್ಕೊಂಡೆ, ಅಷ್ಟೇ. ಇನ್ನೊಂದ್ಸಲ ಹೇಳಿದ್ರೆ ಹಿಡ್ಕೋತಿದ್ನಲ್ಲ. ಅದೂ ಬೇಡ, ತೆಗೀರಿ ಅಂದಿದ್ರೆ ನಿನ್ ಕೈಗೇ ತೆಗ್ದು ಕೊಡ್ತಿದ್ದೆ." ಉಸಿರು ಸಾಲದೆ ನಿಲ್ಲಿಸಿದರು. ಮತ್ತೆ, "ನಿನ್ ಕೈಗೆ ಕೊಡೋಕೆ ನಂಗೇನು ಮಾರಾಯ್ತಿ? ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

ಬೈಗುಳವಲ್ಲ. ನಿಜವಾಗಿಯೂ ಕೇಳಿದರು. ಉತ್ತರಕ್ಕೆ ಕಾದರು ಕೂಡ.

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅಕ್ಕ ಒಳಗೆ ಬಂದು ಅವರಿಗೆ ಹೊದಿಸಿದಳು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಯಾರೂ ಊಟ ಮಾಡಿಕೊಂಡು ಹೋಗು ಅನ್ನಲಿಲ್ಲ. ಆ ಮನೆಯಲ್ಲಿ ಇದೇ ಮೊದಲು.

ಏ. 8, ಮಂಗಳ

ಡಾ. ವಿಜಯೇಂದ್ರ ಅವರಿಗೆ ಸ್ಕೌಟ್ ಕಳಿಸಿದೆ. ನಡೆದದ್ದನ್ನೆಲ್ಲ ಬರೆದು, ಸೆಂಟರಿಗೂ ಒಂದು ಪ್ರತಿ. ಉತ್ತರ ಬಂದಿಲ್ಲ. ಕೆಲಸ ಹೋಗಬಹುದು. ಮೋನಿಕಾಗೆ ಹೇಳಿದೆ. ನನ್ನ ಕೈ ಹಿಡಿದುಕೊಂಡಳು.

ಅಕ್ಕನಿಗೆ ಮೂರು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಏ. 9, ಬುಧ. ಬೆಳಿಗ್ಗೆ 6.40

ಇವತ್ತು ಭಾವನಿಗೆ ಎರಡನೇ ಆಂಜಿಯೋ. ಎಂಟೂವರೆಗೆ ಒಳಗೆ ಕರೆದುಕೊಳ್ಳುತ್ತಾರೆ. ಬಾ ಅಂದಿಲ್ಲ. ಬರಬೇಡ ಅಂತಲೂ ಅಂದಿಲ್ಲ.

ಸ್ನಾನ ಆಯಿತು. ಮನೆ ಓನರ್ ಪುಷ್ಪಮ್ಮ ಇಡ್ಲಿ ಕೊಟ್ಟು ಹೋದರು, ಮುಟ್ಟಿಲ್ಲ. ರವೀಂದ್ರನಗರದಿಂದ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಹೋದರೆ ಕ್ಯಾತ್‌ಲ್ಯಾಬಿನ ಹೊರಗೆ ಅಕ್ಕ ಒಬ್ಬಳೇ ಕೂತಿರುತ್ತಾಳೆ, ಕರಡಿಗೆಯನ್ನು ಸೆರಗಿನಲ್ಲಿ ಹಿಡಿದುಕೊಂಡು. ಅಲ್ಲಿರುವುದು ಇಬ್ಬರು ಕೂರುವ ಒಂದೇ ಬೆಂಚು. ಅವಳು ಸರಿದು ಜಾಗ ಕೊಟ್ಟರೆ ಕೂರುತ್ತೇನೆ. ಕೊಡದಿದ್ದರೆ ನಿಂತಿರುತ್ತೇನೆ. ಎದ್ದು ಆಚೆ ಹೋದರೂ ಅಲ್ಲೇ ಇರುತ್ತೇನೆ, ಭಾವ ಹೊರಗೆ ಬರುವ ತನಕ.